ಕ್ಯಾಮೆರಾ ಮುಂದೆ ವಧೂವರರು

ಮದುವೆಯ ಊಟ ಒಂದೇ ದಿನಕ್ಕೆ ಮುಗಿಯುತ್ತದೆ. ಆಲ್ಬಂ ಮಾತ್ರ ಮೊಮ್ಮಕ್ಕಳ ಕೈಗೂ ಬರುತ್ತದೆ. ಆದರೆ ಅನೇಕ ಆಲ್ಬಂಗಳಲ್ಲಿ ವಧೂವರರು ಸಿನಿಮಾ ನಟರ ಭಂಗಿಯಲ್ಲಿ ಮೈ ಬಿಗಿಹಿಡಿದು ನಿಂತಿರುತ್ತಾರೆ. ಮದುಮಗಳ ಮುಖ ಗುರುತು ಸಿಗದಷ್ಟು ಬೆಳ್ಳಗಾಗಿರುತ್ತದೆ. ಹೆತ್ತ ತಾಯಿಯೇ ಗುರುತಿಸಲಾರದ ಚಿತ್ರ ಚೆಂದವಾದೀತೇ?

ತಪಸ್ಸುಕಾಲ ಕಳೆದು ಪಾಸ್ಖ ಹಬ್ಬದ ನಂತರ ನಡೆಯುವ ಮದುವೆಗಳು ಸಾಂಗ್ಲಿ-ಮಿರಜದ ಬಿರುಬೇಸಿಗೆಯಲ್ಲೇ ಬರುತ್ತವೆ. ಮಟಮಟ ಮಧ್ಯಾಹ್ನದ ಬಿಸಿಲಿಗೆ ಕಣ್ಣ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಕಣ್ಣು ಕಿರಿದಾಗುತ್ತದೆ. ಆ ಹೊತ್ತಿನಲ್ಲಿ ಜೋಡಿಯನ್ನು ವರಾಂಡದ ನೆರಳಿಗೋ ದೊಡ್ಡ ಕಿಟಕಿಯ ಪಕ್ಕಕ್ಕೋ ಕರೆತನ್ನಿ. ಕೆಂಪು, ಹಳದಿ ಶಾಮಿಯಾನದ ಕೆಳಗೆ ಬಟ್ಟೆಯ ಬಣ್ಣವೇ ಮುಖಕ್ಕೂ ಬಡಿಯುತ್ತದೆ, ಅಲ್ಲಿ ಬೇಡ. ಕೃಷ್ಣಾ ನದಿಯ ದಡದಲ್ಲಿ, 1929ರ ಐರ್ವಿನ್ ಸೇತುವೆ ಹಿಂದೆ ಕಾಣುವಂತೆ ಚಿತ್ರ ಬೇಕೆನ್ನುವವರು ಸಂಜೆ 5ರ ನಂತರ ಹೋಗಲಿ. ವಾಹನಗಳು ಓಡಾಡುವ ಸೇತುವೆಯ ಮೇಲೆ ಮಾತ್ರ ನಿಲ್ಲಬಾರದು.

ನಿಲ್ಲುವುದು ಹೇಗೆ? ಇಬ್ಬರೂ ಗುರುತಿನ ಚೀಟಿಯ ಫೋಟೊದಂತೆ ನೆಟ್ಟಗೆ ನಿಲ್ಲದೆ, ಒಬ್ಬರ ಕಡೆಗೊಬ್ಬರು ಸ್ವಲ್ಪ ತಿರುಗಲಿ. ಮೈಭಾರ ಹಿಂದಿನ ಕಾಲಿನ ಮೇಲಿರಲಿ. ತೋಳು ಪಕ್ಕೆಗೆ ಅಂಟದಿದ್ದರೆ ದಪ್ಪಗೆ ಕಾಣುವುದಿಲ್ಲ. ಗದ್ದವನ್ನು ತುಸು ಮುಂದಕ್ಕೆ ತಂದು ಕೆಳಗಿಳಿಸಿದರೆ ಕತ್ತಿನ ಮಡಿಕೆ ಮರೆಯಾಗುತ್ತದೆ. ಕನ್ನಡಕ ತೆಗೆಸಬೇಕಿಲ್ಲ, ತಲೆ ಕೊಂಚ ಬಗ್ಗಿಸಿದರೆ ಗಾಜಿನ ಹೊಳಪು ಹೋಗುತ್ತದೆ. ವರ ತುಂಬ ಎತ್ತರವಿದ್ದರೆ ಇಬ್ಬರನ್ನೂ ಕೂರಿಸಿ, ವ್ಯತ್ಯಾಸ ಕಡಿಮೆಯಾಗುತ್ತದೆ. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ದೊಡ್ಡದಾಗುತ್ತದೆ, ಎರಡು ಮೀಟರ್ ದೂರ ನಿಲ್ಲಿ. ಉಗಾರ, ಕುಡಚಿ, ರಾಯಬಾಗದಿಂದ ರೈಲಿನಲ್ಲಿ ಬಂದ ನೆಂಟರೆಲ್ಲ ಸೇರಿದ ಗುಂಪಿನ ಚಿತ್ರದಲ್ಲಿ, ಮೈತುಂಬಿಕೊಂಡವರನ್ನು ತುದಿಗೆ ನಿಲ್ಲಿಸಬೇಡಿ. ಅಗಲ ನೋಟದ ಲೆನ್ಸು ಅಂಚಿನಲ್ಲಿರುವವರನ್ನು ಇನ್ನಷ್ಟು ಅಗಲ ಮಾಡುತ್ತದೆ.

ಇನ್ನು ಮೈಬಣ್ಣದ ಮಾತು. ಬಿಳಿ ಸೀರೆ, ಬಿಳಿ ಗೌನು ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಿಳಿದು ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಮುಖ ಕಪ್ಪಿಡುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಬಿಳಿ ಬಳಿಯುತ್ತಾರೆ. ದೋಷ ಹುಡುಗಿಯ ಬಣ್ಣದ್ದಲ್ಲ, ಬೆಳಕಿನ ಅಳತೆಯದ್ದು. ಮುಖದ ಮೇಲಿನ ಬೆಳಕನ್ನೇ ಅಳೆದು ತೆಗೆದರೆ ಎಣ್ಣೆಗಪ್ಪು ಮೈಬಣ್ಣವೂ ತನ್ನದೇ ಕಳೆಯಿಂದ ಬರುತ್ತದೆ. "ನಮ್ಮ ಮಗಳನ್ನು ಬೆಳ್ಳಗೆ ಮಾಡಬೇಡ್ರಿ, ಇದ್ದ ಹಾಂಗ ತಗೀರಿ" ಎಂದು ಫೋಟೊದವರಿಗೆ ಮೊದಲೇ ಹೇಳುವ ತಂದೆತಾಯಿಗಳು ಮಗಳಿಗೆ ದೊಡ್ಡ ಉಡುಗೊರೆಯನ್ನೇ ಕೊಟ್ಟಂತೆ.

ನಮ್ಮಲ್ಲಿ ಹಿರಿಯರು ನೋಡಿ ಮಾಡಿದ ಮದುವೆಗಳೇ ಹೆಚ್ಚು. ಹುಡುಗ ಹುಡುಗಿ ನಾಲ್ಕಾರು ಸಲ ಮಾತಾಡಿದ್ದರೆ ಹೆಚ್ಚು. ಅಂಥವರನ್ನು ಅತ್ತೆ ಮಾವಂದಿರ ಎದುರು ಅಪ್ಪಿಕೊಳ್ಳಿ ಎಂದರೆ ಹೆಗಲು ಸೆಟೆಯುತ್ತದೆ, ನಗೆ ಒಣಗುತ್ತದೆ. ಬದಲಿಗೆ ಇಬ್ಬರೂ ಉಂಗುರ ನೋಡಲಿ, ಒಟ್ಟಿಗೆ ನಾಲ್ಕು ಹೆಜ್ಜೆ ನಡೆಯಲಿ. "ಮುಂಜಾನೆ ಏನರ ತಿಂದೀರೇನು?" ಎಂದು ಕೇಳಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕಾಗ ಗುಂಡಿ ಒತ್ತಿದರೆ ಸಾಕು. ದೇವಾಲಯದಲ್ಲಿ ಉಂಗುರ ತೊಡಿಸುವಾಗ ಮಾತ್ರ "ಇನ್ನೊಮ್ಮೆ ಮಾಡಿ" ಎನ್ನಬಾರದು. ಆ ಗಳಿಗೆ ಕ್ಯಾಮೆರಾದ್ದಲ್ಲ, ಅವರಿಬ್ಬರದು.

ಮದುವೆ ಗೊತ್ತಾಗಿರುವ ಮನೆಯವರು ಫೋಟೊದವರೊಂದಿಗೆ ಹಣದ ಮಾತು ಮುಗಿಸುವಾಗಲೇ ಇದನ್ನೆಲ್ಲ ಹೇಳಿಬಿಡಿ. ಮುಂದೆ ಆಲ್ಬಂ ತೆರೆದ ಮೊಮ್ಮಗು "ಇದು ನಮ್ಮ ಅಜ್ಜಿ" ಎಂದು ಯಾರನ್ನೂ ಕೇಳದೆ ಬೆರಳಿಟ್ಟು ತೋರಿಸುವಂತಾಗಲಿ.