ಕಳೆದುಹೋದ ಇಪ್ಪತ್ತು ಮಾತ್ರೆ

ವಸ್ತುಗಳನ್ನು ಕಳೆದುಕೊಳ್ಳುವುದು ಎಡಿಎಚ್‌ಡಿಯ ಲಕ್ಷಣಗಳಲ್ಲೊಂದು. ಅದರ ಮಾತ್ರೆಯಾದರೋ ದೇಶದ ಅತಿ ಬಿಗಿ ನಿಯಮಗಳ ಅಡಿಯಲ್ಲಿ ಮಾರಾಟವಾಗುವ ಔಷಧ. ಮಾತ್ರೆಯೇ ಕಳೆದುಹೋದರೆ?

"ಅಕ್ಕಾ, ನನ್ನ ಮಾತ್ರೆ ಸಿಗ್ತಿಲ್ಲ."

ಸಾಗರದಲ್ಲಿ ಸೋದರಮಾವನ ಮನೆಯ ಗೃಹಪ್ರವೇಶ ಮುಗಿದ ಮರುದಿನ, ಶುಕ್ರವಾರ ಬೆಳಗ್ಗೆ ಆರೂವರೆ. ತಮ್ಮ ಹಜಾರದ ನಡುವೆ ಬ್ಯಾಗು ಕವುಚಿ ಹಾಕಿಕೊಂಡು ಕೂತಿದ್ದ. ಸುತ್ತ ಅಂಗಿ, ಚಾರ್ಜರ್, ಅರ್ಧ ಓದಿದ ಎರಡು ಪುಸ್ತಕ. ಎರಡು ಸ್ಟ್ರಿಪ್ ಇರಬೇಕಿತ್ತು, ಒಟ್ಟು ಇಪ್ಪತ್ತು ಮಾತ್ರೆ. ಬ್ಯಾಗಿನ ಒಂದೊಂದು ಜೇಬನ್ನೂ ನಾಲ್ಕನೇ ಸಲ ತಡವುತ್ತಿದ್ದ.

ಅಡುಗೆಮನೆಯಿಂದ ಅಮ್ಮ ಕೇಳಿದರು: "ಅದನ್ನೂ ಕಳ್ಕೊಂಡ್ಯೇನೋ?"

'ಅದನ್ನು' ಅಲ್ಲ, 'ಅದನ್ನೂ'. ಒಂದು ದೀರ್ಘದಲ್ಲಿ ಮೂವತ್ತು ವರ್ಷದ ಲೆಕ್ಕ ಅಡಗಿತ್ತು. ಒಂದನೇ ಕ್ಲಾಸಿನ ಜಾಮಿಟ್ರಿ ಬಾಕ್ಸು, ಹೈಸ್ಕೂಲಿನ ಬಸ್ ಪಾಸು, ಪಿಯುಸಿ ಪರೀಕ್ಷೆಯ ಹಾಲ್ ಟಿಕೆಟ್ಟು, ಎರಡು ಮೊಬೈಲು, ಎಷ್ಟೋ ಕೊಡೆ. ಅಮ್ಮ ಬೈದದ್ದಲ್ಲ, ಗಾಬರಿಯಲ್ಲಿ ಕೇಳಿದ್ದು. ಆದರೆ ತಮ್ಮ ಹುಡುಕುವುದನ್ನು ನಿಲ್ಲಿಸಿ ತಲೆ ತಗ್ಗಿಸಿಬಿಟ್ಟ. ಆ ಮೂರು ದಿನಗಳಲ್ಲಿ ನಾನು ಕಲಿತದ್ದರ ಮೊದಲ ಪಾಠ ಅದು. ಕಳೆದುಹೋಗಿದೆ ಎಂದು ಒಬ್ಬರು ಹೇಳಿಕೊಂಡ ಗಳಿಗೆಯಲ್ಲಿ ಎದುರಿಗಿದ್ದವರು ಏನು ಹೇಳುತ್ತಾರೋ, ಮುಂದಿನದೆಲ್ಲ ಅದರ ಮೇಲೆ ನಿಲ್ಲುತ್ತದೆ.

ಮರೆತದ್ದಲ್ಲ, ದಾಖಲಾಗದೇ ಹೋದದ್ದು

ತಮ್ಮನಿಗೆ ಎಡಿಎಚ್‌ಡಿ ಇದೆ ಎಂದು ಗೊತ್ತಾದದ್ದು ಅವನ ಮೂವತ್ತೆರಡನೇ ವಯಸ್ಸಿನಲ್ಲಿ. ಗಮನದ ಕೊರತೆ, ಚಡಪಡಿಕೆ, ದುಡುಕು, ಇವು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ ಇದು. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿ (2013) ಗಮನದ ಕೊರತೆಗೆ ಒಂಬತ್ತು ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ. ಕೆಲಸಕ್ಕೆ ಬೇಕಾದ ವಸ್ತುಗಳನ್ನು ಪದೇಪದೇ ಕಳೆದುಕೊಳ್ಳುವುದು ಅವುಗಳಲ್ಲೊಂದು. ದೊಡ್ಡವರಲ್ಲಿ ಕನಿಷ್ಠ ಐದು ಲಕ್ಷಣ ಕಾಣಬೇಕು, ಹಲವು ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ತಲೆದೋರಿರಬೇಕು. ನಾವು ಮನೆಯಲ್ಲಿ 'ಬೇಜವಾಬ್ದಾರಿ' ಎಂದು ಕರೆದದ್ದು ವೈದ್ಯರ ಪುಸ್ತಕದಲ್ಲಿ ಲಕ್ಷಣವೆಂದು ಅಚ್ಚಾಗಿತ್ತು.

ಇದು ಇತ್ತೀಚಿನ ಕಾಯಿಲೆಯೇನಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲೇ ನಿಲ್ಲದ ಗಮನದ ಬಗ್ಗೆ ಬರೆದಿದ್ದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನೇ ಕೊಟ್ಟರು. ಹೆಸರು ಹಲವು ಸಲ ಬದಲಾಗಿ ಈಗಿನ ರೂಪಕ್ಕೆ ಬಂದದ್ದು 1987ರಲ್ಲಿ.

ಕಳೆದುಕೊಳ್ಳುವುದು ಹೇಗೆ ಎಂದು ತಮ್ಮನನ್ನೇ ಕೇಳಿದ್ದೆ. "ನಾನು ಮರೆಯೋದಲ್ಲ ಅಕ್ಕ. ಇಟ್ಟದ್ದು ತಲೆಗೆ ಹೋಗಿದ್ರೆ ತಾನೇ ಮರೆಯೋದು?" ಅಂದ. ಕೈ ವಸ್ತುವನ್ನು ಕೆಳಗಿಡುವ ಹೊತ್ತಿಗೆ ಮನಸ್ಸು ಇನ್ನೆಲ್ಲೋ ಹೊರಟಿರುತ್ತದೆ. ಯಾರೋ ಕರೆದರು, ಫೋನು ಬಡಿಯಿತು, ಅಷ್ಟು ಸಾಕು. ಎಲ್ಲಿ ಇಟ್ಟೆ ಎಂಬ ನೆನಪು ಅಳಿಸಿಹೋಗುವುದಿಲ್ಲ, ಮೊದಲಿಗೇ ಬರೆಯಲ್ಪಟ್ಟಿರುವುದಿಲ್ಲ. ಹಾಗಾಗಿ "ಚೆನ್ನಾಗಿ ಯೋಚನೆ ಮಾಡಿ ನೋಡು" ಎಂಬ ಉಪದೇಶ ಇಂಥವರ ಪಾಲಿಗೆ ಬರಿದಾದ ಬಾವಿಗೆ ಬಿಂದಿಗೆ ಇಳಿಸಿದಂತೆ.

ಒಂದು ಮಾತ್ರೆ, ಎರಡು ಮುಖ

ತಮ್ಮ ತೆಗೆದುಕೊಳ್ಳುವುದು ಮೀಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪಾನಿಜೋನ್ ಇದನ್ನು ತಯಾರಿಸಿದರು. ಹೆಂಡತಿ ಮಾರ್ಗರೀಟ್‌ಳನ್ನು ಅವರು ರೀಟಾ ಎಂದು ಕರೆಯುತ್ತಿದ್ದರು. ಔಷಧಕ್ಕೆ ರಿಟಾಲಿನ್ ಎಂಬ ಹೆಸರು ಬಂದದ್ದು ಹಾಗೆ. ಅದಕ್ಕೂ ಮೊದಲೇ, 1937ರಲ್ಲಿ, ಅಮೆರಿಕದ ರೋಡ್ ಐಲೆಂಡಿನಲ್ಲಿ ಡಾ. ಚಾರ್ಲ್ಸ್ ಬ್ರಾಡ್ಲಿ ಇದರ ದಾಯಾದಿಯಂಥ ಬೆಂಜೆಡ್ರಿನ್ ಎಂಬ ಔಷಧವನ್ನು 30 ಮಕ್ಕಳಿಗೆ ಕೊಟ್ಟು, ಅರ್ಧದಷ್ಟು ಮಕ್ಕಳ ಕಲಿಕೆ ಕಣ್ಣಿಗೆ ಕಾಣುವಂತೆ ಸುಧಾರಿಸಿದ್ದನ್ನು ದಾಖಲಿಸಿದ್ದರು.

ಮಿದುಳಿನ ನರಕೋಶಗಳ ನಡುವೆ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಬೇಗ ಹೀರಿಹೋಗದಂತೆ ಈ ಮಾತ್ರೆ ತಡೆಯುತ್ತದೆ. ಸಾಧಾರಣ ಮಾತ್ರೆಯ ಕೆಲಸ ಮೂರು-ನಾಲ್ಕು ಗಂಟೆ, ನಿಧಾನವಾಗಿ ಬಿಡುಗಡೆಯಾಗುವುದಾದರೆ ಎಂಟರಿಂದ ಹನ್ನೆರಡು ಗಂಟೆ. ನೆಗಡಿಯಂತೆ ವಾಸಿಯಾಗಿ ಮುಗಿಯುವ ಸಂಗತಿ ಅಲ್ಲ, ದಿನದಿನವೂ ಹಾಕಿಕೊಳ್ಳುವ ಕನ್ನಡಕದಂತೆ.

ಡೋಪಮಿನ್ ಹೆಚ್ಚಿಸುವ ಗುಣವೇ ಇದರ ಇನ್ನೊಂದು ಮುಖ. ರಾತ್ರಿಯಿಡೀ ಎಚ್ಚರವಿದ್ದು ಓದಲೆಂದೋ ಅಮಲಿಗೆಂದೋ ದುರ್ಬಳಕೆ ಮಾಡುವವರು ಇದ್ದಾರೆ. 1971ರಲ್ಲಿ ವಿಯೆನ್ನಾದಲ್ಲಿ ರೂಪುಗೊಂಡ ವಿಶ್ವಸಂಸ್ಥೆಯ ಒಪ್ಪಂದ ಇದನ್ನು ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದೆ. ಗಾಂಜಾ ದಾಳಿಯ ಸುದ್ದಿಗಳಲ್ಲಿ ನಾವು ಓದುವ ಅದೇ ಕಾಯ್ದೆ.

ಬೀಗ ಹಾಕಿದ ಕಪಾಟು

ಸಾಗರದ ಮೊದಲ ಮೆಡಿಕಲ್ ಶಾಪಿನಲ್ಲಿ ಫೋನಿನಲ್ಲಿದ್ದ ಚೀಟಿಯ ಫೋಟೊ ತೋರಿಸಿದೆ. ಅಂಗಡಿಯವರು ನೋಡಿ ವಾಪಸು ಕೊಟ್ಟರು: "ಇದು ಶೆಡ್ಯೂಲ್ ಎಕ್ಸ್ ಮೇಡಂ. ನಮ್ಮಲ್ಲಿ ಅದರ ಲೈಸೆನ್ಸ್ ಇಲ್ಲ." ಇನ್ನೆರಡು ಅಂಗಡಿಯಲ್ಲೂ ಅದೇ ಉತ್ತರ.

ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್‌ನಲ್ಲಿರುವ ಔಷಧಗಳನ್ನು ಮಾರಲು ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು. ಲೇಬಲ್ಲಿನ ಎಡಮೂಲೆಯಲ್ಲಿ ಕೆಂಪಕ್ಷರದ ಎಕ್ಸ್‌ಆರ್‌ಎಕ್ಸ್ ಗುರುತು ಇರಬೇಕು. ಇವುಗಳಿಗೆಂದೇ ಮೀಸಲಾದ ಕಪಾಟಿನಲ್ಲಿ ಬೀಗ ಹಾಕಿ ಇಡಬೇಕು. ವೈದ್ಯರು ಚೀಟಿಯನ್ನು ಎರಡು ಪ್ರತಿಯಲ್ಲಿ ಬರೆಯಬೇಕು. ಒಂದು ಪ್ರತಿ ಅಂಗಡಿಯಲ್ಲೇ ಎರಡು ವರ್ಷ ಉಳಿಯುತ್ತದೆ. ಮತ್ತೆ ಕೊಡಬಹುದೆಂದು ವೈದ್ಯರು ಬರೆದಿರದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ತಮ್ಮನ ಚೀಟಿಯ ಋಣ ಬೆಂಗಳೂರಿನ ಅಂಗಡಿಯಲ್ಲಿ ತೀರಿಹೋಗಿತ್ತು, ಅದರ ಫೋಟೊಗೆ ಬೆಲೆ ಇರಲಿಲ್ಲ.

ವಿಡಿಯೊ ಕಾಲ್‌ನಲ್ಲಿ ವೈದ್ಯರನ್ನು ಕೇಳಿದರಾಯಿತು ಅಂದುಕೊಂಡೆ. ಅದಕ್ಕೂ ದಾರಿ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ, ಶೆಡ್ಯೂಲ್ ಎಕ್ಸ್ ಔಷಧಗಳನ್ನೂ ಎನ್‌ಡಿಪಿಎಸ್ ವ್ಯಾಪ್ತಿಯ ವಸ್ತುಗಳನ್ನೂ ದೂರಸಮಾಲೋಚನೆಯಲ್ಲಿ ಬರೆಯಕೂಡದು ಎನ್ನುತ್ತದೆ. ಕ್ಲಿನಿಕ್ಕಿಗೆ ಫೋನ್ ಮಾಡಿದಾಗ, ಸೋಮವಾರ ಬೆಳಗ್ಗೆ ಬನ್ನಿ ಎಂದರು. ಸಾಗರದಿಂದ ಬೆಂಗಳೂರಿಗೆ 350 ಕಿಲೋಮೀಟರಿಗೂ ಹೆಚ್ಚು. ಭಾನುವಾರ ರಾತ್ರಿಯ ತಾಳಗುಪ್ಪ ರೈಲಿಗೆ ಟಿಕೆಟ್ ಮಾಡಿಸಿದೆವು.

ಮಾತ್ರೆಯಿಲ್ಲದ ಮೂರು ದಿನ

ಮಾತ್ರೆ ತಪ್ಪಿದರೆ ಪ್ರಾಣಕ್ಕೇನಾದರೂ ಅಪಾಯವೇ? ಅಮ್ಮನ ಮೊದಲ ಚಿಂತೆ ಅದು. ವೈದ್ಯರು ಹೇಳಿದ ಪ್ರಮಾಣದಲ್ಲೇ ಮೀಥೈಲ್‌ಫೆನಿಡೇಟ್ ತೆಗೆದುಕೊಳ್ಳುತ್ತಿದ್ದವರಿಗೆ ಕೆಲವು ದಿನ ತಪ್ಪಿದರೆ ಸಾಮಾನ್ಯವಾಗಿ ದೊಡ್ಡ ಅಪಾಯವಿಲ್ಲ. ಹಳೆಯ ಲಕ್ಷಣಗಳು ಮರಳುತ್ತವೆ, ಸುಸ್ತು, ಮಂಕು, ಸಿಡುಕು ಕಾಣಬಹುದು. ಆದರೆ ಎಲ್ಲ ಔಷಧಕ್ಕೂ ಇದೇ ಮಾತು ಸಲ್ಲುವುದಿಲ್ಲ. ಎಡಿಎಚ್‌ಡಿಗೆ ಕೆಲವರಿಗೆ ಕೊಡುವ ಕ್ಲೋನಿಡಿನ್ ಥಟ್ಟನೆ ನಿಂತರೆ ರಕ್ತದೊತ್ತಡ ಏರಬಹುದು. ಅದು ಕಳೆದುಹೋದರೆ ಸೋಮವಾರದವರೆಗೆ ಕಾಯದೆ ಆ ದಿನವೇ ವೈದ್ಯರಿಗೆ ತಿಳಿಸಬೇಕು.

ಮಾಡಬಾರದ್ದು ಮುಖ್ಯವಾಗಿ ಎರಡು. ತಪ್ಪಿದ ಡೋಸಿಗೆಂದು ಮರುದಿನ ಎರಡು ಮಾತ್ರೆ ನುಂಗಬಾರದು. ಇದೇ ಮಾತ್ರೆ ತೆಗೆದುಕೊಳ್ಳುವ ಗೆಳೆಯರಿಂದ ಕಡ ತರಬಾರದು. ಅವರ ಪ್ರಮಾಣ ಬೇರೆ ಇರುತ್ತದೆ, ಹೃದಯದ ತೊಂದರೆ ಇದೆಯೇ ಎಂದು ನೋಡಿ ವೈದ್ಯರು ಲೆಕ್ಕ ಹಾಕಿರುತ್ತಾರೆ. ಜೊತೆಗೆ, ಕೊಡುವವರೂ ಪಡೆಯುವವರೂ ಇಬ್ಬರೂ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ.

ಆ ಮೂರು ದಿನ ತಮ್ಮ ಬೈಕು ಓಡಿಸಲಿಲ್ಲ. ಕಚೇರಿಯ ಮೇಲಧಿಕಾರಿಗೆ, ಔಷಧದ ತೊಂದರೆಯಾಗಿದೆ, ಸೋಮವಾರದ ವರದಿ ಬುಧವಾರ ಕೊಡುತ್ತೇನೆ ಎಂದು ಮೆಸೇಜ್ ಕಳಿಸಿದ. ದಿನಕ್ಕೆ ಮೂರೇ ಕೆಲಸವನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಒಂದು ಮುಗಿಯುವವರೆಗೆ ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಒಬ್ಬರು ಸುಮ್ಮನೆ ಜೊತೆಗಿದ್ದರೆ ಅವನ ಗಮನ ಹಿಡಿದು ನಿಲ್ಲುತ್ತದೆ ಎಂಬುದು ಆಗ ನನಗೆ ತಿಳಿಯಿತು.

ವೈದ್ಯರ ಎದುರು

ರೈಲಿನಲ್ಲಿ ತಮ್ಮ ನಿದ್ದೆ ಮಾಡಲಿಲ್ಲ. "ಮಾರ್ಕೊಂಡಿದ್ದಾನೆ ಅಂದ್ಕೊಂಡ್ರೆ?" ಎಂಬುದು ಅವನ ಭಯ. ಆ ಅನುಮಾನ ವೈದ್ಯರಿಗೆ ಬರುವುದು ಅಸಹಜವೂ ಅಲ್ಲ. ಇಂಥ ಔಷಧ ಬರೆಯುವವರು ಅದಕ್ಕೆ ಹೊಣೆಗಾರರು. ಮತ್ತೆ ಬರೆದುಕೊಡಬೇಕೇ ಎಂಬುದು ಅವರ ವಿವೇಚನೆಗೆ ಬಿಟ್ಟ ವಿಷಯ, ರೋಗಿ ಹಕ್ಕಿನಿಂದ ಕೇಳುವಂಥದ್ದಲ್ಲ.

ಅವನ ನೆರವಿಗೆ ಬಂದದ್ದು ತಡಮಾಡದೆ ಹೇಳಿದ್ದು. ಮಾತ್ರೆ ಕಳೆದುಹೋದ ದಿನವೇ ಕ್ಲಿನಿಕ್ಕಿಗೆ ಫೋನ್ ಹೋಗಿತ್ತು. ಕೊನೆಯ ಸಲ ಎಂದು ಕೊಂಡದ್ದು, ಎಷ್ಟು ನುಂಗಿದ್ದು, ಎಷ್ಟು ಉಳಿದಿತ್ತು ಎಂಬುದನ್ನು ಬರೆದಿಟ್ಟಿದ್ದ. ಅಂಗಡಿಯ ಬಿಲ್ಲು ಜೊತೆಗಿತ್ತು. ಬ್ಯಾಗೇ ಕಳವಾಗಿದ್ದರೆ ಪೊಲೀಸರಿಗೆ ಕೊಟ್ಟ ದೂರಿನ ಪ್ರತಿಯೂ ಉಪಯೋಗಕ್ಕೆ ಬರುತ್ತದೆ. ವೈದ್ಯರು ಎಲ್ಲವನ್ನೂ ಕೇಳಿಸಿಕೊಂಡು, ನಾಡಿ, ರಕ್ತದೊತ್ತಡ, ತೂಕ ನೋಡಿ, "ಅವತ್ತೇ ಹೇಳಿದ್ರಲ್ಲ, ಒಳ್ಳೆಯದಾಯ್ತು" ಅಂದರು. ಮಾತ್ರೆ ಕಳೆದದ್ದನ್ನು ಕಡತದಲ್ಲಿ ಬರೆದರು. ತಿಂಗಳಿಗೆ ಬದಲು ಹತ್ತು ದಿನಕ್ಕಷ್ಟೇ ಹೊಸ ಚೀಟಿ ಕೊಟ್ಟರು. ಅಷ್ಟರಲ್ಲಿ ಇನ್ನೊಮ್ಮೆ ಬರಬೇಕು. ತಮ್ಮನ ಭುಜ ಇಳಿದದ್ದನ್ನು ನಾನು ಕಂಡೆ.

ಎಲ್ಲರಿಗೂ ಹೀಗಾಗುವುದಿಲ್ಲ. ಬಾಗಿಲಲ್ಲೇ ತಿರಸ್ಕಾರ ಉಂಡು, ಚಿಕಿತ್ಸೆಯನ್ನೇ ಬಿಡುವ ಮನಸ್ಸಾದವರ ಮಾತನ್ನೂ ಕೇಳಿದ್ದೇನೆ. ಅಮೆರಿಕದಲ್ಲಿರುವ ನಮ್ಮ ನೆಂಟರ ಮಕ್ಕಳ ಪಾಡೂ ತೀರ ಬೇರೆಯಲ್ಲ. ಅಲ್ಲಿನ 1970ರ ಕಾನೂನಿನಲ್ಲಿ ಈ ಔಷಧ ಎರಡನೇ ಶೆಡ್ಯೂಲಿನದು. ಹಳೆಯ ಚೀಟಿಗೆ ಮರುಪೂರೈಕೆ ಇಲ್ಲ, ಪ್ರತಿ ಸಲ ಹೊಸದೇ ಬೇಕು. ಅಲ್ಲಿ ಬಳಕೆಯಲ್ಲಿರುವ ಆಡೆರಾಲ್ ಇಲ್ಲಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ರಜೆಗೆ ಊರಿಗೆ ಬಂದು ಅದನ್ನು ಕಳೆದುಕೊಂಡವರು ಅದೇ ಮಾತ್ರೆ ಹುಡುಕುತ್ತ ಅಲೆಯುವ ಬದಲು ನೇರ ಮನೋವೈದ್ಯರ ಬಳಿ ಹೋಗುವುದು ಮೇಲು.

ಮನೆಯಲ್ಲಿ ಮಾಡಿಕೊಂಡ ವ್ಯವಸ್ಥೆ

ನೆನಪಿನ ಭಾರವನ್ನು ತಲೆಯಿಂದ ಇಳಿಸಿ ಜಾಗಕ್ಕೆ ಹೊರಿಸಬೇಕು ಎಂದು ವೈದ್ಯರು ಹೇಳಿದ್ದರು. ತಮ್ಮನ ಮಾತ್ರೆಗೆ ಈಗ ಒಂದೇ ಜಾಗ, ಕಾಫಿ ಪುಡಿಯ ಡಬ್ಬಿ ಇರುವ ಶೆಲ್ಫಿನ ಪಕ್ಕದ ಬೀಗದ ಡ್ರಾಯರು. ಕಾಫಿ ತಪ್ಪಿದ ದಿನವಿಲ್ಲ, ಹಾಗಾಗಿ ಮಾತ್ರೆಯೂ ತಪ್ಪುವುದಿಲ್ಲ. ಮನೆಗೆ ಮಕ್ಕಳು ಬರುವುದರಿಂದ ಬೀಗ. ಪ್ರಯಾಣಕ್ಕೆ ಹೊರಟರೆ ಇರುವಷ್ಟೂ ದಿನದ್ದು ಮತ್ತು ಎರಡು ದಿನದ್ದು ಹೆಚ್ಚಿಗೆ, ಉಳಿದದ್ದು ಮನೆಯಲ್ಲೇ. ಸ್ಟ್ರಿಪ್ಪನ್ನು ಲೇಬಲ್ ಸಮೇತ, ಚೀಟಿಯ ಪ್ರತಿಯ ಜೊತೆ ಒಯ್ಯುತ್ತಾನೆ. ವೈಯಕ್ತಿಕ ಚಿಕಿತ್ಸೆಗೆ ಒಮ್ಮೆಗೆ 100 ಡೋಸಿನವರೆಗೆ ಇಟ್ಟುಕೊಳ್ಳಲು ಎನ್‌ಡಿಪಿಎಸ್ ನಿಯಮ ಒಪ್ಪುತ್ತದೆ, ಆದರೆ ಕೇಳಿದವರಿಗೆ ತೋರಿಸಲು ಚೀಟಿ ಕೈಯಲ್ಲಿರಬೇಕು. ಪ್ರತಿ ಭಾನುವಾರ ಮಾತ್ರೆ ಎಣಿಸುತ್ತಾನೆ. ಹತ್ತು ಉಳಿದಾಗ ಕ್ಲಿನಿಕ್ಕಿಗೆ ಫೋನು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಕಳೆದುಹೋಗಬಹುದು. ಏಕೆಂದರೆ ಅದು ಲಕ್ಷಣ. ಕಪಾಟಿಗೆ ಬೀಗ ಬೇಡ ಎಂದು ನಾನು ಹೇಳುವುದಿಲ್ಲ, ಬೀಗಕ್ಕೆ ಕಾರಣವಿದೆ. ಆದರೆ ಕಳೆದುಕೊಂಡವರು ಯಾರಿಗೆ ಹೇಳಬೇಕು, ಏನು ತರಬೇಕು, ಎಷ್ಟು ದಿನದ್ದು ಸಿಗುತ್ತದೆ ಎಂಬುದನ್ನು ಪ್ರತಿ ಕ್ಲಿನಿಕ್ಕು ಮೊದಲ ಚೀಟಿಯ ಜೊತೆಗೇ ಬರೆದುಕೊಡಬಹುದಲ್ಲವೇ? ಪರವಾನಗಿ ಇರುವ ಅಂಗಡಿಗಳ ಜಿಲ್ಲಾವಾರು ಪಟ್ಟಿಯನ್ನು ಸರ್ಕಾರ ಜನರ ಕೈಗೆ ಕೊಡಬಹುದಲ್ಲವೇ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದಲ್ಲೇ ಮೊದಲ ಮಾದರಿ ಸಿಕ್ಕದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ. ಆ ಪರಂಪರೆಯ ನಾಡಿನಲ್ಲಿ ಇದು ದೊಡ್ಡ ಬೇಡಿಕೆಯಲ್ಲ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹತ್ತಿರದ ಸೇವೆಯ ಬಗ್ಗೆ ಕನ್ನಡದಲ್ಲೇ ಕೇಳಬಹುದು. ಕಂಗೆಟ್ಟ ಹೊತ್ತಿನಲ್ಲಿ ಅದೂ ಒಂದು ಆಸರೆ.

ಮೂರು ವಾರದ ಮೇಲೆ ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿದರು. ಗೃಹಪ್ರವೇಶದಲ್ಲಿ ಕೊಟ್ಟ ತಾಂಬೂಲದ ಚೀಲ ಬಿಚ್ಚಿದರೆ ತೆಂಗಿನಕಾಯಿಯ ಅಡಿಯಲ್ಲಿ ಎರಡು ಸ್ಟ್ರಿಪ್. ಆ ಸಂಜೆ ಯಾರೋ ಊಟಕ್ಕೆ ಕರೆದಾಗ ಕೈಯಲ್ಲಿದ್ದದ್ದನ್ನು ತಮ್ಮ ಪಕ್ಕದ ಚೀಲಕ್ಕೆ ಹಾಕಿ ಎದ್ದಿರಬೇಕು. ಆ ದಿನವೇ ಅವನು ಕ್ಲಿನಿಕ್ಕಿಗೆ ತಿಳಿಸಿದ. ಮುಂದಿನ ಚೀಟಿಯಲ್ಲಿ ವೈದ್ಯರು ಅಷ್ಟನ್ನು ಕಳೆದು ಬರೆದರು.

ಅಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಸಾಲು. ಅದರಲ್ಲೂ ಅದೇ ದೀರ್ಘವಿತ್ತು, ಆದರೆ ಈ ಸಲ ತಮ್ಮ ತಲೆ ತಗ್ಗಿಸಲಿಲ್ಲ.

"ಸಿಕ್ತು ಕಣೋ ಮಗ. ಇಪ್ಪತ್ತೂ ಇದೆ."