ಸೆಟ್‌ಬ್ಯಾಕಿನಲ್ಲಿ ಮರ ಹುಡುಕುತ್ತಾ

ಮಂಡ್ಯದ ವಿವೇಕಾನಂದ ನಗರದ ಬೀದಿಯೊಂದರಲ್ಲಿ ಹೊಸ ಮನೆಗಳ ಗೇಟಿನೊಳಗೆ ಬಗ್ಗಿ ನೋಡಿದೆ. ಕಾರು ಹತ್ತಿಸುವ ಇಳಿಜಾರು, ಅದರ ಕೆಳಗೆ ಸಂಪು, ಕಾಂಪೌಂಡಿನ ಬುಡದವರೆಗೂ ಟೈಲ್ಸು. ಮಳೆ ಬಿದ್ದರೆ ಒಂದು ಹನಿಯೂ ನೆಲಕ್ಕೆ ಇಳಿಯದೆ ಸೀದಾ ಚರಂಡಿಗೆ. ಹಸಿರು ಅಂತ ಇದ್ದರೆ ಕುಂಡದ ಅಲೋವೆರಾ, ಮಹಡಿಯಿಂದ ಇಳಿಬಿದ್ದ ಮನಿಪ್ಲಾಂಟು.

ಕೇಂದ್ರ ಸರ್ಕಾರ 2016ರಲ್ಲಿ ಹೊರತಂದ ಮಾದರಿ ಕಟ್ಟಡ ಉಪವಿಧಿಗಳು ಹೇಳುವುದೇ ಬೇರೆ. 100 ಚದರ ಮೀಟರಿಗಿಂತ ದೊಡ್ಡ ನಿವೇಶನದಲ್ಲಿ ಪ್ರತಿ 80 ಚದರ ಮೀಟರಿಗೆ ಕನಿಷ್ಠ ಒಂದು ಮರ ಇರಬೇಕು, ಅದೂ ಕಟ್ಟಡದ ಸುತ್ತ ಬಿಡುವ ತೆರೆದ ಜಾಗವಾದ ಸೆಟ್‌ಬ್ಯಾಕಿನಲ್ಲಿ. ಒಂದು ಮರ ಕಡಿದರೆ ಅದೇ ಆವರಣದಲ್ಲಿ ಮೂರು ನೆಡಬೇಕು. ಮಾದರಿ ಅಂದಮೇಲೆ ಕಡ್ಡಾಯವಲ್ಲ, ರಾಜ್ಯಗಳು ತಮಗೊಪ್ಪುವಂತೆ ತಿದ್ದಿಕೊಳ್ಳಬಹುದು. ಆದರೂ ಲೆಕ್ಕ ಹಾಕಿ ನೋಡೋಣ. ನಮ್ಮ 30-40 ಅಡಿಯ ಸೈಟು ಅಂದರೆ ಸುಮಾರು 111 ಚದರ ಮೀಟರು. ಒಂದು ಮರವಾದರೂ ಬೇಕು. 20-30 ಸೈಟು 56 ಚದರ ಮೀಟರನ್ನೂ ಮುಟ್ಟುವುದಿಲ್ಲ, ಹಾಗಾಗಿ ನಿಯಮದ ಹೊರಗೆ.

ಸಾರ್ವೆ ಕಟ್ಟುತ್ತಿದ್ದ ಮೇಸ್ತ್ರಿಯೊಬ್ಬರನ್ನು ಕೇಳಿದೆ. "ಮೂರಡಿ ಜಾಗದಲ್ಲಿ ಸಂಪು ತೋಡ್ಲಾ, ಮರ ನೆಡ್ಲಾ, ನೀವೇ ಹೇಳಿ ಸಾರ್" ಅಂದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಅರಳಿ, ಅತ್ತಿ, ಗೋಣಿ ಇಂಥವನ್ನು ಅಡಿಪಾಯದ ಪಕ್ಕ ನೆಡಬಾರದು. ಆದರೆ ಕರಿಬೇವು, ಸೀಬೆ, ಪಾರಿಜಾತಕ್ಕೆ ಆ ಮೂರಡಿಯಲ್ಲೇ ಟೈಲ್ಸ್ ಹಾಕದ ಒಂದು ಚೌಕ ಸಾಕು. ಹೊಂಗೆ, ನೇರಳೆಯಂಥ ದೊಡ್ಡ ಮರಗಳಿಗೆ ಜಾಗ ಮನೆಯ ಆವರಣವಲ್ಲ, ರಸ್ತೆ ಬದಿ ಮತ್ತು ಬಡಾವಣೆಯ ಪಾರ್ಕು.

ಮಂಡ್ಯದಿಂದ ಮದ್ದೂರಿಗೆ ಬಂದರೆ, ಅಲ್ಲಿನ ಪೇಟೆ ಬೀದಿಯಲ್ಲಿ ನಿಂತು ನೋಡುವಂಥದ್ದು ಕಡಿಮೆ. ಗೋಡೆಗೆ ಗೋಡೆ ತಾಗಿದ ಅಂಗಡಿ ಸಾಲಿನಲ್ಲಿ ಸೆಟ್‌ಬ್ಯಾಕೇ ಇಲ್ಲ, ಮರದ ಮಾತೆಲ್ಲಿ? ನೋಡಬೇಕಾದದ್ದು ಊರಾಚೆ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಆಸುಪಾಸಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಗಳ ನಡುವೆ ಸೈಟಿನ ಕಲ್ಲು ನೆಟ್ಟಿದ್ದಾರೆ. ಕೃಷಿಯಿಂದ ವಸತಿಗೆ ಕನ್ವರ್ಷನ್ ಆದ ಜಮೀನಿನಲ್ಲಿ ಮೊದಲು ಉರುಳುವುದು ಬದುವಿನ ತೆಂಗು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಿದೆ; ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಜೊತೆ ತೆಂಗೂ ಅದರಲ್ಲಿದೆ. ಬೆಳೆಗಾರನ ಅನುಕೂಲಕ್ಕೆ ಕೊಟ್ಟ ವಿನಾಯಿತಿಯಿಂದ ಈಗ ಲೇಔಟ್ ಮಾಡುವವರಿಗೂ ಹಾದಿ ಸಲೀಸು. ದಶಕಗಳ ತೆಂಗು ತೆಗೆದು, ಪಾರ್ಕೆಂದು ಬರೆದ ಮೂಲೆಯಲ್ಲಿ ಅಲಂಕಾರದ ಪಾಮ್ ನೆಡುವುದನ್ನು ಹಸಿರೀಕರಣ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇದಕ್ಕೆ ತದ್ವಿರುದ್ಧ ಚಿತ್ರ ಬೇಕಿದ್ದರೆ ಇದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಮನೆ ಸೂರಿಗೆ ತಾಗಿದ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಿಕ್ಕೆ ಅಂಗಳಕ್ಕೆ ಬೀಳುತ್ತದೆ, ಮೀನಿನ ವಾಸನೆ ಮೂಗಿಗೆ ಬಡಿಯುತ್ತದೆ. ಆ ಹಿಕ್ಕೆಯೇ ಹೊಲಕ್ಕೆ ಗೊಬ್ಬರ. ಊರಿನವರ ಪ್ರೀತಿಯಿಂದಷ್ಟೇ ಮರಗಳು ಉಳಿದಿಲ್ಲ. ಗೂಡಿದ್ದ ಮರದ ಹುಣಸೆ ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತ ಬಂದಿದೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಮನೆ ಮುಂದೆ ಮರ ಉಳಿಸಿಕೊಂಡವರಿಗೆ ಪಟ್ಟಣದಲ್ಲೂ ಕಂದಾಯದಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರೆ ನಗರಾಡಳಿತ ಮುಳುಗಿಹೋಗುತ್ತದೆಯೇ?

ಇನ್ನು ಮಳವಳ್ಳಿ, ಅದೇ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ನೀರಿನ ಹಂಬಲ ಇಲ್ಲಿ ಹೆಚ್ಚು. ಕೊಳ್ಳೇಗಾಲದ ರಸ್ತೆ ಕಡೆಯ ಬಡಾವಣೆಯೊಂದರಲ್ಲಿ ಹುಲ್ಲುಹಾಸು ಒಣಗಿ ಕೆಂಪಾಗಿತ್ತು, ಪಕ್ಕದ ಬೇವು ಮಾತ್ರ ಹಸಿರಾಗಿ ನಿಂತಿತ್ತು. ದಿನಾ ನೀರು ಕೇಳುವ ಹುಲ್ಲನ್ನು ಇಂಥ ಕಡೆ ಹಾಸುವುದು ದಂಡ.

ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರೂ ಊರುಗಳಲ್ಲಿ ಸೈಟು ಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲು ಬಡಾವಣೆಯ ಮಂಜೂರಾದ ನಕ್ಷೆ ಕೇಳಿ ಪಡೆಯಿರಿ. ಪಾರ್ಕು ಎಲ್ಲಿದೆ, ಜಮೀನಿನಲ್ಲಿ ಮೊದಲೇ ಇದ್ದ ಮರಗಳನ್ನು ಅದರಲ್ಲಿ ಗುರುತಿಸಿದ್ದಾರೆಯೇ, ನೋಡಿ. ಇಲ್ಲವಾದರೆ ಏಕಿಲ್ಲ ಎಂದು ಕೇಳಿ.