ಸಾದಾ ಟೀ ಶರ್ಟ್: ನೂಲಿನಿಂದ ಸಂತಪುರದವರೆಗೆ

ಅಚ್ಚು ಹಾಕಿಸಲು ಕೊಳ್ಳುವ ಸಾದಾ ಟೀ ಶರ್ಟಿಗೆ ಎರಡು ಗುಣ ಬೇಕು: ಮೈಗೆ ಮೆತ್ತಗಿರಬೇಕು, ದರ ಕೈಗೆಟುಕಬೇಕು. ಮೆತ್ತಗಿದ್ದರೆ ದುಬಾರಿ, ಅಗ್ಗವಾದರೆ ಒರಟು ಎಂಬ ಮಾತು ಅರ್ಧ ಮಾತ್ರ ನಿಜ. ದರ ಮುಖ್ಯವಾಗಿ ಬಟ್ಟೆಯ ತೂಕದಿಂದ ಬರುತ್ತದೆ, ಮೆದುತನ ನೂಲಿನಿಂದ ಮತ್ತು ತೊಳೆತದಿಂದ. ಬೀದರ್ ಜಿಲ್ಲೆಯ ಸಂತಪುರ, ಔರಾದ್, ಭಾಲ್ಕಿ ಕಡೆಯವರು ನವೆಂಬರ್ 1ರ ರಾಜ್ಯೋತ್ಸವಕ್ಕೋ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೋ ಕಬಡ್ಡಿ ತಂಡಕ್ಕೋ ಅಂಗಿ ಮಾಡಿಸುವಾಗ, ಇವೆರಡೂ ಬಹು ಹಿಂದೆಯೇ, ಬಹು ದೂರದಲ್ಲೇ ತೀರ್ಮಾನವಾಗಿರುತ್ತವೆ.

ಟೀ ಶರ್ಟು ಮೊದಲಿಗೆ ಒಳಉಡುಪು. 1913ರ ಸುಮಾರಿಗೆ ಅಮೆರಿಕದ ನೌಕಾಪಡೆ ತನ್ನ ನಾವಿಕರಿಗೆ ಸಮವಸ್ತ್ರದ ಒಳಗೆ ತೊಡಲು ಇದನ್ನು ಕೊಟ್ಟಿತು. ಎರಡನೇ ಮಹಾಯುದ್ಧ ಮುಗಿಸಿ ಮರಳಿದ ಸೈನಿಕರು ಅದನ್ನೇ ಮೇಲಂಗಿಯಾಗಿ ಹಾಕಿಕೊಂಡರು. 1951ರ ಚಲನಚಿತ್ರವೊಂದರಲ್ಲಿ ನಟ ಮಾರ್ಲನ್ ಬ್ರಾಂಡೊ ತೊಟ್ಟ ಮೇಲೆ ಅದು ಯುವಕರ ಉಡುಪಾಯಿತು. ತೊಳೆದರೂ ಬಿಡದ ಪ್ಲಾಸ್ಟಿಸಾಲ್ ಶಾಯಿ ಬಂದ ನಂತರ ಎದೆಯ ಮೇಲೆ ಬರಹ, ಚಿತ್ರ ಮೂಡಿಸುವುದು ಸುಲಭವಾಯಿತು. ಏನೂ ಬರೆಯದ ಅಂಗಿಯೇ ಒಂದು ಮಾರಾಟದ ಸರಕಾದದ್ದು ಹೀಗೆ.

ಭಾರತದಲ್ಲಿ ಹೊಸೈರಿ, ಅಂದರೆ ಹೆಣಿಗೆ ಉಡುಪಿನ ಉದ್ಯಮ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕೋಲ್ಕತ್ತದಲ್ಲಿ ಶುರುವಾಯಿತು. ಹತ್ತಿ ಬನಿಯನ್ನಿನ ರಾಜಧಾನಿಯಾದದ್ದು ಮಾತ್ರ ತಮಿಳುನಾಡಿನ ತಿರುಪ್ಪೂರು. ನೊಯ್ಯಲ್ ನದಿಯ ದಂಡೆಯ ಈ ಊರಿಗೆ ಹತ್ತಿ ಮಾರುಕಟ್ಟೆ, ರೈಲು ಸಂಪರ್ಕ, ಸುತ್ತಲ ನೂಲಿನ ಗಿರಣಿಗಳು ಎಲ್ಲವೂ ಒದಗಿದವು. ತಿರುಪ್ಪೂರು ಇರುವ ಕೊಂಗುನಾಡು ಮೊದಲಿನಿಂದಲೂ ನೇಕಾರರ ಸೀಮೆ. ಕನ್ನಡ ಮನೆಮಾತಿನ ದೇವಾಂಗರು ಅಲ್ಲಿ ತಲೆಮಾರುಗಳಿಂದ ಮಗ್ಗ ಹೂಡಿದ್ದಾರೆ. ಬನಿಯನ್ ಹೊಲಿಯುತ್ತಿದ್ದ ಊರಿಗೆ 1970ರ ದಶಕದ ಕೊನೆಯಲ್ಲಿ ಯುರೋಪಿನ ಖರೀದಿದಾರರು ಬಂದರು. 1990ರಲ್ಲಿ ಅಲ್ಲಿನ ರಫ್ತುದಾರರು ಸಂಘ ಕಟ್ಟಿಕೊಂಡರು. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಯಿತು.

ಅಲ್ಲಿನ ಕೆಲಸ ಹೆಚ್ಚಾಗಿ ಜಾಬ್‌ವರ್ಕ್ ಪದ್ಧತಿಯಲ್ಲಿ ನಡೆಯುತ್ತದೆ. ಹೆಣೆಯುವವರು, ಬಣ್ಣ ಹಾಕುವವರು, ಕತ್ತರಿಸುವವರು, ಹೊಲಿಯುವವರು ಬೇರೆ ಬೇರೆ. ದೊಡ್ಡ ಕಾರ್ಖಾನೆ ಇಲ್ಲದವನೂ ಬಟ್ಟೆ ಕೊಂಡು ಕೂಲಿಗೆ ಹೊಲಿಸಿ ಸಾದಾ ಟೀ ಶರ್ಟ್ ಮಾರಬಹುದು. ಆದ್ದರಿಂದಲೇ ಸಣ್ಣ ಪ್ರಮಾಣದ ಮಾಲೂ ಕಡಿಮೆ ದರಕ್ಕೆ ಹೊರಬೀಳುತ್ತದೆ.

ಹೆಣಿಗೆಯ ಬಟ್ಟೆ ಮೀಟರಿನಲ್ಲಲ್ಲ, ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿಎಸ್‌ಎಂ. 100 ಚದರ ಸೆಂಟಿಮೀಟರಿನ ದುಂಡು ತುಂಡು ಕತ್ತರಿಸಿ ತೂಗಿದಾಗ 1.8 ಗ್ರಾಂ ಬಂದರೆ ಅದು 180 ಜಿಎಸ್‌ಎಂ. ಅದನ್ನು 160ಕ್ಕೆ ಇಳಿಸಿದರೆ ಒಂಬತ್ತರಲ್ಲಿ ಒಂದು ಪಾಲು ಬಟ್ಟೆ ಉಳಿಯುತ್ತದೆ. ಹತ್ತಿಯ ಬೆಲೆ ಏರಿದಾಗ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ: 2022ರ ಮೇ ತಿಂಗಳಲ್ಲಿ 356 ಕಿಲೋ ತೂಗುವ ಒಂದು ಕ್ಯಾಂಡಿ ಹತ್ತಿ ಲಕ್ಷ ರೂಪಾಯಿ ದಾಟಿತ್ತು.

ಆದರೆ ಜಿಎಸ್‌ಎಂ ಮೆದುತನವನ್ನು ಅಳೆಯುವುದಿಲ್ಲ. ಅದಕ್ಕೆ ನೂಲಿನ ಕೌಂಟ್ ನೋಡಬೇಕು. ಒಂದು ಪೌಂಡ್ ತೂಕದಲ್ಲಿ 840 ಗಜದ ಎಷ್ಟು ಲಡಿ ಸಿಗುತ್ತವೋ ಅದೇ ಕೌಂಟ್. 30 ಕೌಂಟಿನ ಒಂದು ಪೌಂಡ್ ನೂಲನ್ನು ಬಿಚ್ಚಿದರೆ ಸುಮಾರು 23 ಕಿಲೋಮೀಟರ್ ಉದ್ದವಾಗುತ್ತದೆ. ಕೌಂಟ್ ಏರಿದಷ್ಟೂ ಎಳೆ ನಯ. ಬಾಚಣಿಗೆಯಂಥ ಯಂತ್ರದಲ್ಲಿ ಹತ್ತಿಯ ಗಿಡ್ಡ ಎಳೆಗಳನ್ನು ತೆಗೆದು ನೂತದ್ದು ಕೋಂಬ್ಡ್ ನೂಲು. ಅದು ಹಾಗೆ ಬಾಚದ ಕಾರ್ಡೆಡ್‌ಗಿಂತ ದುಬಾರಿ, ಆದರೆ ಚುಚ್ಚುವುದಿಲ್ಲ. ನಯವಾದ ಕೋಂಬ್ಡ್ ನೂಲಿನಲ್ಲಿ ಹಗುರ ಬಟ್ಟೆ ಹೆಣೆದರೆ, ನೂಲಿಗೆ ಹೆಚ್ಚು ಕೊಟ್ಟದ್ದರಲ್ಲಿ ಒಂದಿಷ್ಟು ತೂಕದಲ್ಲಿ ಮರಳಿ ಸಿಗುತ್ತದೆ.

ಕೊನೆಯ ನಯ ಬರುವುದು ತೊಳೆತದಲ್ಲಿ. ಬಯೋವಾಶ್‌ನಲ್ಲಿ ಸೆಲ್ಯುಲೇಸ್ ಎಂಬ ಕಿಣ್ವ ಬಟ್ಟೆಯ ಮೇಲೆ ಎದ್ದುನಿಂತ ಸಣ್ಣ ಎಳೆಗಳನ್ನು ಕರಗಿಸುತ್ತದೆ. ಆ ಬಟ್ಟೆ ಬೇಗ ಜುಂಗೇಳುವುದಿಲ್ಲ, ಅಚ್ಚೂ ಸ್ಪಷ್ಟವಾಗಿ ಕೂರುತ್ತದೆ. ಸಿಲಿಕೋನ್ ಲೇಪಿಸಿ ತಂದ ಮೆದುತನ ಬೇರೆ. ತೊಳೆದಂತೆಲ್ಲ ಅದು ಕಡಿಮೆಯಾಗುತ್ತದೆ, ಲೇಪ ಹೆಚ್ಚಾದರೆ ಶಾಯಿಯೂ ಸರಿಯಾಗಿ ಹಿಡಿಯುವುದಿಲ್ಲ.

ಬಣ್ಣಕ್ಕೂ ದರವಿದೆ. ಬಿಳಿಗೆ ಬ್ಲೀಚ್ ಸಾಕು; ಕಪ್ಪು, ಕಡುನೀಲಿಗೆ ಹೆಚ್ಚು ಬಣ್ಣ, ಹೆಚ್ಚು ನೀರು ಬೇಕು. ಆ ನೀರು ನೊಯ್ಯಲ್ ನದಿಯನ್ನು ಕೆಡಿಸಿದ್ದರಿಂದ 2011ರಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹನಿಯೂ ಹೊರಹೋಗದಂತೆ ನೀರನ್ನು ಶುದ್ಧೀಕರಿಸಿ ಮರುಬಳಸುವ ಖರ್ಚು ಇಂದು ಬಣ್ಣದ ಅಂಗಿಯ ದರದಲ್ಲಿ ಸೇರಿದೆ.

ಇಂಥ ಅಂಗಿ ಕೊಳ್ಳಲು, 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರಿಗೆ ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದೇ ಹತ್ತಿರದ ಮಹಾಪೇಟೆ. ಪತ್ಥರ್‌ಗಟ್ಟಿ, ಸಿಕಂದರಾಬಾದಿನ ಜನರಲ್ ಬಜಾರ್ ಅಲ್ಲಿನ ಹೆಸರಾಂತ ಬಟ್ಟೆ ಪೇಟೆಗಳು. ಸಗಟು ಅಂಗಡಿಯಲ್ಲಿ ದರ ಕೊಂಚ ಹೆಚ್ಚಾದರೂ ಮಾಲನ್ನು ಮುಟ್ಟಿ ನೋಡಬಹುದು, ಬೇಕಾದ ಅಳತೆಗಳನ್ನು ಬೆರೆಸಿ ಕೊಳ್ಳಬಹುದು. ತಿರುಪ್ಪೂರಿನಿಂದ ಲಾರಿ ಪಾರ್ಸಲ್‌ನಲ್ಲಿ ನೇರ ತರಿಸುವುದು ಸಂಖ್ಯೆ ಹೆಚ್ಚಿದ್ದಾಗ ಲಾಭ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯ ದಾಟಿ ಬರುವ ಮಾಲಿನ ತೆರಿಗೆಯ ತೊಡಕು ತಗ್ಗಿತು. ಕಡಿಮೆ ಬೆಲೆಯ ಉಡುಪಿಗೆ ಶೇ 5ರ ದರವಿದೆ.

ಅಚ್ಚಿನ ವಿಧಾನವೂ ಖರೀದಿಯನ್ನು ಬದಲಿಸಿತು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಬೇಕು. ನೂರಾರು ಅಂಗಿಗಳಿದ್ದರೆ ಮಾತ್ರ ಅದರ ಖರ್ಚು ಹಂಚಿಹೋಗುತ್ತದೆ. ಫಿಲ್ಮಿನ ಮೇಲೆ ಮುದ್ರಿಸಿ ಬಿಸಿ ಒತ್ತಿನಿಂದ ಅಂಟಿಸುವ ಡಿಟಿಎಫ್ ಬಂದ ಮೇಲೆ ಹತ್ತು ಅಂಗಿಯ ಕೆಲಸವೂ ಗಿಟ್ಟುತ್ತದೆ. ಆಟದ ಜೆರ್ಸಿಗೆ ಹಾಕುವ ಸಬ್ಲಿಮೇಷನ್ ಅಚ್ಚಿಗೆ ಪಾಲಿಯೆಸ್ಟರ್ ಬೇಕು, ಹತ್ತಿಯ ಮೇಲೆ ಅದು ನಿಲ್ಲದು. ಕೆಂಪು ಪಾಲಿಯೆಸ್ಟರ್ ಮೇಲೆ ಬಿಳಿ ಅಕ್ಷರ ಅಚ್ಚು ಹಾಕಿದರೆ, ಬಿಸಿಗೆ ಬಟ್ಟೆಯ ಬಣ್ಣ ಮೇಲೆದ್ದು ಬಿಳಿ ಗುಲಾಬಿಯಾಗುತ್ತದೆ. ಕನ್ನಡದ ಒತ್ತಕ್ಷರಗಳ ಸಣ್ಣ ಸಂದುಗಳಿಗೆ ನಯವಾದ ಮೇಲ್ಮೈ ಬೇಕು. ಒರಟು ಬಟ್ಟೆಯಲ್ಲಿ ಅವು ಮುಚ್ಚಿಹೋಗುತ್ತವೆ.

ಆದ್ದರಿಂದ ಮಾಲು ತರಿಸುವ ಮೊದಲು ಜಿಎಸ್‌ಎಂ, ಕೌಂಟ್, ಕೋಂಬ್ಡ್ ಹೌದೋ ಅಲ್ಲವೋ, ಬಯೋವಾಶ್ ಆಗಿದೆಯೋ ಎಂಬ ನಾಲ್ಕು ಪ್ರಶ್ನೆ ಕೇಳಬೇಕು. ಮಾದರಿ ಅಂಗಿಯನ್ನು ಅಳೆದು, ತೊಳೆದು, ಒಣಗಿಸಿ ಮತ್ತೆ ಅಳೆದರೆ ಎಷ್ಟು ಕುಗ್ಗಿತೆಂದು ತಿಳಿಯುತ್ತದೆ. ಪಕ್ಕದ ಹೊಲಿಗೆ ಮುಂದಕ್ಕೆ ತಿರುಗಿದ್ದರೆ ಬಟ್ಟೆ ತಿರುಚಿಕೊಳ್ಳುವ ಜಾತಿಯದು, ಬೇಡ. ಅದೇ ಮಾದರಿಯ ಮೇಲೆ ಒಂದು ಅಚ್ಚು ಹಾಕಿಸಿ ನೋಡಿದ ಮೇಲೆ, ಬಣ್ಣದಲ್ಲಿ ವ್ಯತ್ಯಾಸ ಬಾರದಂತೆ ಅಷ್ಟೂ ಅಂಗಿಗಳನ್ನು ಒಂದೇ ಲಾಟ್‌ನಿಂದ ಕೊಳ್ಳಬೇಕು.